ವಂಗಭಂಗ: ಒಂದು ಗಡಿರೇಖೆಯ ಪಾಠ

ಆಳುವವರಿಗೆ ಪ್ರಾಂತದ ಗಡಿಯೆಂಬುದು ನಕಾಶೆಯ ಮೇಲಿನ ಒಂದು ಗೆರೆ. ಅದರ ಎರಡೂ ಬದಿಯಲ್ಲಿ ಬಾಳುವವರಿಗೆ ಅದು ಬದುಕಿನ ಪ್ರಶ್ನೆ. ಈ ಸತ್ಯವನ್ನು ಕಡೆಗಣಿಸಿ ಆಂಗ್ಲ ಪ್ರಭುತ್ವವು ಎಳೆದ ಒಂದು ಗೆರೆಯು ಭಾರತದ ಸ್ವಾತಂತ್ರ್ಯ ಚಳವಳಿಗೆ ಹೊಸ ಕಸುವನ್ನು ತುಂಬಿತು. ಅದೇ 1905ರ ವಂಗಭಂಗ.

ಬಿಹಾರ, ಒರಿಸ್ಸಾಗಳನ್ನೂ ಒಳಗೊಂಡಿದ್ದ ಅಂದಿನ ಬಂಗಾಳ ಪ್ರಾಂತದ ಜನಸಂಖ್ಯೆ ಸುಮಾರು 7 ಕೋಟಿ 80 ಲಕ್ಷ. ಇಷ್ಟು ವಿಶಾಲವಾದ ಪ್ರಾಂತವನ್ನು ಒಬ್ಬ ಲೆಫ್ಟಿನೆಂಟ್ ಗವರ್ನರನು ಆಳುವುದು ಕಷ್ಟವೆಂಬ ವಾದವು ಹುರುಳಿಲ್ಲದ್ದೇನೂ ಆಗಿರಲಿಲ್ಲ. ಆದರೆ ವೈಸರಾಯ್ ಕರ್ಜನ್ನನ ಸರಕಾರದ ಅಂತರಂಗ ಬೇರೆಯಿತ್ತು. ಒಂದಾಗಿರುವ ಬಂಗಾಳವು ಒಂದು ಶಕ್ತಿ, ಒಡೆದರೆ ಆ ಶಕ್ತಿ ಕುಂದುವುದು ಎಂಬ ಅಭಿಪ್ರಾಯವನ್ನು ಗೃಹ ಕಾರ್ಯದರ್ಶಿ ರಿಸ್ಲಿಯು 1904ರ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟನು. ಆಡಳಿತದ ಸೌಕರ್ಯವೊಂದೇ ಉದ್ದೇಶವಾಗಿದ್ದರೆ ಹಿಂದಿ, ಒಡಿಯಾ ಸೀಮೆಗಳನ್ನು ಬೇರ್ಪಡಿಸಬಹುದಿತ್ತು. ಹಾಗೆ ಮಾಡದೆ ಬಂಗಾಳಿ ನುಡಿಯ ನಾಡನ್ನೇ ಸೀಳಲಾಯಿತು. ಢಾಕಾ ರಾಜಧಾನಿಯಾದ ಪೂರ್ವ ಬಂಗಾಳ ಮತ್ತು ಅಸ್ಸಾಂ ಪ್ರಾಂತದಲ್ಲಿ ಮುಸಲ್ಮಾನರು ಬಹುಸಂಖ್ಯಾತರಾದರು. ಪಶ್ಚಿಮದಲ್ಲಿ ಉಳಿದ ಪ್ರಾಂತದಲ್ಲಿ ಬಂಗಾಳಿಗಳೇ ಅಲ್ಪಸಂಖ್ಯಾತರಾದರು.

ಶಕ್ತಿಯನ್ನು ಕುಂದಿಸಲು ಹೂಡಿದ ಉಪಾಯವೇ ಶಕ್ತಿಯನ್ನು ಬಡಿದೆಬ್ಬಿಸಿತು. ಆಗಸ್ಟ್ 7ರಂದು ಕಲಕತ್ತೆಯ ಟೌನ್ ಹಾಲಿನಲ್ಲಿ ಸೇರಿದ ಸಭೆಯು ವಿದೇಶಿ ವಸ್ತುಗಳ ಬಹಿಷ್ಕಾರವನ್ನು ನಿರ್ಣಯಿಸಿತು. ವಿಭಜನೆ ಜಾರಿಗೆ ಬಂದ ಅಕ್ಟೋಬರ್ 16 ಶೋಕದಿನವಾಯಿತು. ಅನೇಕ ಮನೆಗಳಲ್ಲಿ ಅಂದು ಒಲೆ ಹೊತ್ತಲಿಲ್ಲ. ಜನರು ಗಂಗೆಯಲ್ಲಿ ಮಿಂದು, ರವೀಂದ್ರನಾಥ ಠಾಕೂರರ ಕರೆಯಂತೆ ಪರಸ್ಪರ ರಾಖಿ ಕಟ್ಟಿದರು. 1906ರಲ್ಲಿ ರಾಷ್ಟ್ರೀಯ ಶಿಕ್ಷಣ ಮಂಡಳಿಯು ಹುಟ್ಟಿತು. ಸ್ವದೇಶಿಯ ಮಂತ್ರವು ಬಂಗಾಳದ ಎಲ್ಲೆಯನ್ನು ದಾಟಿತು. ದೂರದ ತೂತ್ತುಕುಡಿಯಲ್ಲಿ ಚಿದಂಬರಂ ಪಿಳ್ಳೆಯವರು ಸ್ವದೇಶಿ ಹಡಗು ಕಂಪನಿಯನ್ನೇ ಸ್ಥಾಪಿಸಿದರು. ಅದೇ ವರ್ಷ ಕಲಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ದಾದಾಭಾಯಿ ನವರೋಜಿಯವರು ಸ್ವರಾಜ್ಯವೇ ಗುರಿಯೆಂದು ಸಾರಿದರು.

ಆದರೆ ಇತಿಹಾಸವನ್ನು ಅರ್ಧಕ್ಕೆ ಓದಬಾರದು. ಹೊಸ ಪ್ರಾಂತದಲ್ಲಿ ತಮಗೆ ವಿದ್ಯೆ, ಉದ್ಯೋಗಗಳ ಬಾಗಿಲು ತೆರೆಯುವುದೆಂದು ಪೂರ್ವ ಬಂಗಾಳದ ಅನೇಕ ಮುಸಲ್ಮಾನರು ನಂಬಿದರು. ಜಮೀನುದಾರರು ಬಹುಪಾಲು ಹಿಂದೂಗಳು, ರೈತರು ಬಹುಪಾಲು ಮುಸಲ್ಮಾನರು ಆಗಿದ್ದ ಆ ಸೀಮೆಯಲ್ಲಿ, ಅಗ್ಗದ ವಿದೇಶಿ ಬಟ್ಟೆಯನ್ನು ಬಿಡೆಂಬ ಒತ್ತಾಯವು ಬಡವನಿಗೆ ಭಾರವಾಯಿತು. 1906ರ ಡಿಸೆಂಬರಿನಲ್ಲಿ ಮುಸ್ಲಿಂ ಲೀಗು ಢಾಕಾದಲ್ಲಿಯೇ ಜನ್ಮ ತಳೆಯಿತು. ಹೀಗೆ ಒಂದೇ ಗೆರೆಯು ಎರಡು ಬಗೆಯ ಜಾಗೃತಿಗೆ ಕಾರಣವಾಯಿತು.

1911ರ ಡಿಸೆಂಬರ್ 12ರಂದು ದಿಲ್ಲಿಯ ದರ್ಬಾರಿನಲ್ಲಿ ದೊರೆ ಐದನೆಯ ಜಾರ್ಜನು ವಿಭಜನೆಯನ್ನು ರದ್ದುಗೊಳಿಸಿದನು. ನಕಾಶೆಯ ಗೆರೆ ಅಳಿಯಿತು, ಮನಸ್ಸಿನ ಗೆರೆ ಅಳಿಯಲಿಲ್ಲ. 1947ರಲ್ಲಿ ಬಂಗಾಳವು ಮತ್ತೆ ಒಡೆಯಿತು. ಈ ಸಲ ಲಕ್ಷಾಂತರ ಜನರು ಮನೆಮಾರು ತೊರೆದು ನಡೆಯಬೇಕಾಯಿತು.

ಈ ಕಥೆ ಕನ್ನಡಿಗರಿಗೆ ಪರಕೀಯವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ನಮ್ಮ ನಾಡೂ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಎಂದು ಹಂಚಿಹೋಗಿತ್ತು. ವಂಗಭಂಗದ ವಿರುದ್ಧ ಎದ್ದ ಕೂಗು ಆಲೂರ ವೆಂಕಟರಾಯರಂತಹವರಲ್ಲಿ ಏಕೀಕರಣದ ಹಂಬಲವನ್ನು ಬಲಪಡಿಸಿತು. ಅದು ಫಲಿಸಿದ್ದು 1956ರ ನವೆಂಬರ್ 1ರಂದು.

ಜನರನ್ನು ಕೇಳದೆ ಎಳೆದ ಗೆರೆಯು ಜನರನ್ನು ಎಚ್ಚರಿಸುತ್ತದೆ. ಎಚ್ಚೆತ್ತವರು ನೆರೆಯವನ ಅಳಲನ್ನೂ ಕೇಳಿಸಿಕೊಂಡರೆ ನಾಡು ಒಂದಾಗುತ್ತದೆ. ಕೇಳಿಸಿಕೊಳ್ಳದಿದ್ದರೆ, ಪರರು ಎಳೆದ ಗೆರೆಯನ್ನು ನಾವೇ ಆಳವಾಗಿ ಕೊರೆದಂತಾಗುತ್ತದೆ.