ಕೌದಿಯ ಮೂಲೆಯ ಹೂವು

ಈ ಸಲದ ಯುಗಾದಿ ಕೂಟದಲ್ಲಿ ಮಕ್ಕಳು ಕೂರಲೆಂದು ನಮ್ಮ ಮನೆಯಾಕೆ ಹಾಸಿದ್ದ ಕೌದಿಯನ್ನು ಸದಸ್ಯ ಬಾಂಧವರಲ್ಲಿ ಹಲವರು ನೋಡಿದ್ದೀರಿ. ಬೇವು-ಬೆಲ್ಲ ಹಂಚುವ ಗಡಿಬಿಡಿಯಲ್ಲಿ ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಅದರ ಅಂಚು ಹಿಡಿದು, "ಆಂಟಿ, ಈ ಪ್ಯಾಚ್‌ವರ್ಕ್ ನಿಮಗೆ ಜರ್ಮನ್ ಹೆಂಗಸರು ಕಲಿಸಿದ್ದಾ?" ಎಂದು ಕೇಳಿದಳು. ಮನೆಯಾಕೆ ನಕ್ಕು, "ಇಲ್ಲವ್ವಾ, ನಮ್ಮವ್ವ ಕಲಿಸಿದ್ದು" ಎಂದಳು. ಮಾತು ಅಲ್ಲಿಗೇ ನಿಂತಿತು. ಪ್ರಶ್ನೆ ಮಾತ್ರ ನಮ್ಮ ಜೊತೆ ಮನೆಗೆ ಬಂತು. ಮಗುವಿನದು ತಪ್ಪೇನಿಲ್ಲ, ಕೌದಿ ಎಂಬ ಮಾತನ್ನೇ ಅವಳ ಮುಂದೆ ನಾವು ಯಾರೂ ಆಡಿರಲಿಲ್ಲ. ಯಾರು ಯಾರಿಗೆ ಕಲಿಸಿದರು ಎಂಬುದು ಒಂದು ಸಾಲಿನಲ್ಲಿ ಮುಗಿಯುವ ಉತ್ತರವೂ ಅಲ್ಲ. ಅದಕ್ಕೇ ಈ ಬರಹ.

ನಮ್ಮ ಮನೆಯಾಕೆಯ ತವರು ಗುಳೇದಗುಡ್ಡದ ಕಡೆ. ಖಣ ನೇಯುವ ಊರು. ಇಳಕಲ್ಲೂ ಅಲ್ಲಿಗೆ ದೂರವಲ್ಲ. ಆ ಸೀಮೆಯಲ್ಲಿ ಬಟ್ಟೆ ಹರಿದರೆ ಬಿಸಾಡುವ ಪದ್ಧತಿ ಇರಲಿಲ್ಲ. ಉಟ್ಟು ಒಗೆದು ಮೆತ್ತಗಾದ ಸೀರೆ, ಸವೆದ ಧೋತರ, ಕುಬಸದ ತುಂಡು, ಹುಡುಗರ ಅಂಗಿಯ ತೋಳು, ಎಲ್ಲವೂ ಗಂಟು ಸೇರುತ್ತಿದ್ದವು. ಬೇಸಗೆಯಲ್ಲಿ ಹೊಲದ ಕೆಲಸ ತೆರವಾದಾಗ ಪಡಸಾಲೆಯಲ್ಲಿ ಅವನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸುತ್ತಲೂ ನಾಲ್ಕೈದು ಹೆಂಗಸರು ಕೂತು ದಪ್ಪ ದಾರದಿಂದ ಸಾಲು ಸಾಲಾಗಿ ಹೊಲಿಯುತ್ತಿದ್ದರು. ಚೌಕಟ್ಟಿಲ್ಲ, ಅಳತೆಪಟ್ಟಿಯಿಲ್ಲ, ಗೆರೆ ಎಳೆಯುವ ಸೀಮೆಸುಣ್ಣವಿಲ್ಲ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರೂ ಇದ್ದರು. ಬಾಣಂತಿಗೆ, ಹಸುಗೂಸಿಗೆ ಕೊಡುವ ಕೌದಿಗೆ ಅಜ್ಜಿಯ ಸೀರೆಯೇ ಆಗಬೇಕು. ಹೊಸ ಬಟ್ಟೆ ಕೂಸಿನ ಮೈಗೆ ಚುಚ್ಚುತ್ತದೆ ಎನ್ನುವರು. ಬೆಂಗಳೂರಿನವರಾದ ನಮಗೆ ಮದುವೆಗೆ ಮುಂಚೆ ಇದೊಂದೂ ಗೊತ್ತಿರಲಿಲ್ಲ. ಮೊದಲ ಸಲ ಅತ್ತೆಯ ಮನೆಯಲ್ಲಿ ಕೌದಿ ಹೊದೆಸಿದಾಗ, ಅಳಿಯನಿಗೆ ಹಳೇ ಬಟ್ಟೆಯೇ ಎಂದು ಮನಸ್ಸಿನಲ್ಲಿ ಕೊಂಚ ಮುನಿಸಿಕೊಂಡಿದ್ದೆವು. ಈಗ ಹೇಳಿಕೊಳ್ಳಲು ಅಡ್ಡಿಯಿಲ್ಲ.

ಉತ್ತರ ಕನ್ನಡದ ಕಾಡಿನ ಅಂಚಿನಲ್ಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ವಾಸಿಸುವ ಸಿದ್ದಿ ಜನರ ಹೆಂಗಸರದು ಇನ್ನೊಂದು ಬಗೆ. ಇವರ ಪೂರ್ವಿಕರು ಆಫ್ರಿಕದವರು; ಹಲವರು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. 2003ರಲ್ಲಷ್ಟೇ ಅಲ್ಲಿಯ ಸಿದ್ದಿಗಳನ್ನು ಸರಕಾರ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಅವರು ಕೌದಿಗೆ ಕವಂದಿ ಎನ್ನುತ್ತಾರೆ. ಹೊಲಿಗೆ ಒಂದು ಮೂಲೆಯಲ್ಲಿ ಆರಂಭವಾಗಿ ಅಂಚಿನಗುಂಟ ಸುತ್ತು ಹಾಕುತ್ತ ಒಳಗೊಳಗೆ ಹೋಗಿ ನಡುವಿನಲ್ಲಿ ಮುಗಿಯುತ್ತದೆ. ಎಲ್ಲಕ್ಕಿಂತ ಚೆಂದದ್ದು ಮೂಲೆ. ನಾಲ್ಕು ಮೂಲೆಗಳಲ್ಲಿ ಮಡಿಚಿದ ಮುಕ್ಕೋನದ ಬಟ್ಟೆಗಳನ್ನು ಒಂದರ ಮೇಲೊಂದು ಕೂರಿಸಿ ಹೊಲಿಯುತ್ತಾರೆ. ಅದರ ಹೆಸರು ‘ಫುಲ’, ಅಂದರೆ ಹೂವು. ಹೂವಿಲ್ಲದ ಕವಂದಿ ಬತ್ತಲೆ ಎಂಬ ಭಾವನೆ ಅವರದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಈ ಹಳ್ಳಿಗಳಲ್ಲಿ ಓಡಾಡಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಮನೆಯಾಕೆ ಮೂಲೆಗೆ ಹೂವಿಡುವುದನ್ನು ಕಲಿತದ್ದು ಅದರ ಚಿತ್ರಗಳನ್ನು ನೋಡಿ. ಹೀಗೆ ಗುಳೇದಗುಡ್ಡದ ಹೆಣ್ಣುಮಗಳು ಹಳಿಯಾಳದ ಹೂವನ್ನು ಕಂಡದ್ದು ಅಮೆರಿಕದ ಪುಸ್ತಕದಲ್ಲಿ, ಅದೂ ಜರ್ಮನಿಯಲ್ಲಿ ಕೂತು!

ಇನ್ನು ಬಟ್ಟೆಯ ಮೇಲಿನ ಹೂವಿನ ಮಾತು. ನಮ್ಮ ಅಜ್ಜಿಯರ ಬಾಯಲ್ಲಿ ಹೂವಿನ ಅಚ್ಚಿನ ಅರಿವೆಗೆ ‘ಚೀಟಿ’ ಎಂದು ಹೆಸರು. ಚೀಟಿ ಲಂಗ, ಚೀಟಿ ಬಟ್ಟೆ. ಹಳೆಯ ಜರ್ಮನ್ನರು ಇದನ್ನೇ ‘ಟ್ಸಿಟ್ಸ್’ ಎಂದರು, ಇಂಗ್ಲಿಷರು ‘ಚಿಂಟ್ಜ್’ ಎಂದರು. ಮೂರೂ ನಮ್ಮ ದೇಶದ ಒಂದೇ ಮಾತಿನ ಮಕ್ಕಳು. 17ನೆಯ ಶತಮಾನದಲ್ಲಿ ಕೋರಮಂಡಲ ತೀರದಿಂದ ಹೋದ ಈ ಹೂವಿನ ಹತ್ತಿಬಟ್ಟೆ ಯೂರೋಪಿಗೆ ಹುಚ್ಚು ಹಿಡಿಸಿತು. ಕಾರಣ ಬರೀ ಚೆಲುವಲ್ಲ. ಒಗೆದರೂ ಬಣ್ಣ ಬಿಡದಂತೆ ಹತ್ತಿಗೆ ಬಣ್ಣ ಕಟ್ಟುವ ವಿದ್ಯೆ ಆಗ ಇಲ್ಲಿಯವರಿಗೆ ತಿಳಿದಿರಲಿಲ್ಲ. ನಮ್ಮ ಬಣ್ಣಗಾರರು ಮೊದಲು ಪಟಿಕದಂಥ ಕಚ್ಚುಪದಾರ್ಥವನ್ನು ಬಟ್ಟೆಗೆ ಬರೆದು, ಆಮೇಲೆ ಬೇರಿನ ಕೆಂಪಿನಲ್ಲಿ ಕುದಿಸುತ್ತಿದ್ದರು. ಪಟಿಕ ಬಿದ್ದಲ್ಲಿ ಮಾತ್ರ ಕೆಂಪು ಕಚ್ಚಿಕೊಳ್ಳುತ್ತಿತ್ತು. ತಮ್ಮ ನೇಕಾರರು ಹಾಳಾದಾರೆಂದು ಫ್ರಾನ್ಸ್ ದೇಶ 1686ರಲ್ಲಿ ಈ ಬಟ್ಟೆಯನ್ನೇ ನಿಷೇಧಿಸಿತು. ಆ ನಿಷೇಧ 1759ರವರೆಗೆ ನಡೆಯಿತು. ಇಂಗ್ಲೆಂಡು 1700 ಮತ್ತು 1721ರಲ್ಲಿ ಕಾನೂನು ಮಾಡಿತು. ಹೂವಿನ ಲಂಗಕ್ಕೆ ಹೆದರಿದ ರಾಜ್ಯಗಳು!

ಹೆದರಿಕೊಂಡೇ ಕಲಿತೂ ಬಿಟ್ಟರು. 18ನೆಯ ಶತಮಾನದಲ್ಲಿ ಆಗ್ಸ್‌ಬುರ್ಗಿನಲ್ಲಿ ಶೂಲೆ ಎಂಬಾತ ಹತ್ತಿಬಟ್ಟೆಗೆ ಅಚ್ಚು ಹಾಕುವ ಅರಮನೆಯಂಥ ಕಾರ್ಖಾನೆ ಕಟ್ಟಿದ. ನಮ್ಮ ಈ ವ್ಯೂರ್ಟೆಂಬೆರ್ಗ್ ಸೀಮೆಯಲ್ಲಿ ಹೈಡನ್‌ಹೈಮ್ ಪಟ್ಟಣ ಅಚ್ಚಿನ ಬಟ್ಟೆಗೆ ಹೆಸರಾಯಿತು. ಆಗ್ಸ್‌ಬುರ್ಗಿನಲ್ಲಿ 2010ರಲ್ಲಿ ತೆರೆದ ಬಟ್ಟೆಯ ವಸ್ತುಸಂಗ್ರಹಾಲಯದಲ್ಲಿ ಅಲ್ಲಿಯ ಕಾರ್ಖಾನೆಯೊಂದರ ಮಾದರಿ ಪುಸ್ತಕಗಳನ್ನು ಕಾದಿಟ್ಟಿದ್ದಾರೆ. ನಾವು ಅಲ್ಲಿಗೆ ಹೋದ ದಿನ ಮನೆಯಾಕೆ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತವಳು ಕದಲಲೇ ಇಲ್ಲ. "ಇದು ನಮ್ಮ ಆಯಿ ಲಂಗದಾಗಿನ ಹೂವ ಐತ್ರೀ" ಎಂದಳು. ಇರಬಹುದು, ಇಲ್ಲದಿರಬಹುದು. ಆದರೆ 19ನೆಯ ಶತಮಾನದಲ್ಲಿ ಯಂತ್ರದ ಅಚ್ಚಿನ ಅಗ್ಗದ ಬಟ್ಟೆ ಯೂರೋಪಿನಿಂದ ಹಿಂತಿರುಗಿ ನಮ್ಮ ಸಂತೆಗಳಿಗೇ ಬಂದದ್ದೂ, ನಮ್ಮ ಮಗ್ಗಗಳ ಹೊಟ್ಟೆ ಮೇಲೆ ಹೊಡೆದದ್ದೂ ನಿಜ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನಮಗೆ ತೋರುತ್ತದೆ: ಕಲಿಸಿದ್ದು ನಾವೇ, ದಕ್ಷಿಣೆ ಮಾತ್ರ ಸಿಗಲಿಲ್ಲ.

ಫೊಯರ್‌ಬಾಕಿಗೆ ನಾವು ಬಂದದ್ದು ಹೂವಿಗೂ ಅಲ್ಲ, ಬಟ್ಟೆಗೂ ಅಲ್ಲ, ಡೀಸೆಲ್ ಪಂಪಿಗೆ. 1907ರಲ್ಲಿ ಪಟ್ಟಣದ ಪದವಿ ಪಡೆದು 1933ರಲ್ಲಿ ಸ್ಟುಟ್‌ಗಾರ್ಟಿಗೆ ಸೇರಿಹೋದ ಈ ಊರಿನಲ್ಲಿ ಬಾಷ್ ಕಂಪೆನಿ 1910ರ ಸುಮಾರಿಗೆ ಕಾರ್ಖಾನೆ ಹಾಕಿತು. ಅದೇ ಬಾಷ್ ಜೊತೆಗೂಡಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಬೆಂಗಳೂರಿನ ಆಡುಗೋಡಿಯಲ್ಲಿ ‘ಮೈಕೋ’ ಆಯಿತು. 2008ರಲ್ಲಿ ಆ ಹೆಸರು ಹೋಗಿ ಬಾಷ್ ಎಂದಾಯಿತು. ಬೆಂಗಳೂರಿಗರ ಬಾಯಲ್ಲಿ ಮೈಕೋ ಇನ್ನೂ ಹೋಗಿಲ್ಲ. ಆಡುಗೋಡಿಯಿಂದ ಲಾಲ್‌ಬಾಗ್ ಹತ್ತಿರ. ಆ ಲಾಲ್‌ಬಾಗನ್ನು 20ನೆಯ ಶತಮಾನದಲ್ಲಿ ತಿದ್ದಿ ಬೆಳೆಸಿದ ಕ್ರುಂಬಿಗಲ್ ಡ್ರೆಸ್ಡನ್ ಬಳಿಯ ಜರ್ಮನ್ ತೋಟಗಾರ. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರ ಹೂ ಮುಗಿಸುವಾಗ ಇನ್ನೊಂದು ಬಿರಿಯುವಂತೆ ನೆಡಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. 1956ರಲ್ಲಿ ಬೆಂಗಳೂರಿನಲ್ಲೇ ಮಣ್ಣಾದರು. ಅವರು ಅಲ್ಲಿ, ನಾವು ಇಲ್ಲಿ; ಅದಲುಬದಲು.

ಇಲ್ಲಿಯ ವಸಂತ ಮೆಲ್ಲಗೆ ಬರುತ್ತದೆ. ಮೊದಲು ಹಿಮದ ಗಂಟೆಯಂಥ ಬಿಳಿ ಹೂ, ಆಮೇಲೆ ಕ್ರೋಕಸ್, ಹಳದಿ ಫೋರ್ಸಿತಿಯ, ಮ್ಯಾಗ್ನೋಲಿಯ, ಟ್ಯೂಲಿಪ್. ಕ್ರೋಕಸ್ ಕಂಡ ದಿನ ನಮ್ಮ ಮನೆಯಲ್ಲಿ ಚಿಂದಿಯ ಗಂಟು ಅಟ್ಟದಿಂದಿಳಿಯುತ್ತದೆ, ಊಟದ ಮೇಜು ನಮ್ಮ ಕೈತಪ್ಪುತ್ತದೆ. ಮನೆಯಾಕೆ ಬೆಳಗ್ಗೆ ಗುಡ್ಡ ಹತ್ತಿ ಕಿಲ್ಲೆಸ್‌ಬೆರ್ಗ್ ಉದ್ಯಾನಕ್ಕೆ ಹೋಗಿ ಬಣ್ಣ ‘ಓದಿಕೊಂಡು’ ಬರುತ್ತಾಳೆ. ನೇರಳೆ ದಳದ ನಡುವೆ ಕೇಸರಿ ಎಳೆ ಕಂಡರೆ, ಮಧ್ಯಾಹ್ನದ ಹೊತ್ತಿಗೆ ನೇರಳೆ ಸೀರೆಯ ತುಂಡಿನ ಪಕ್ಕ ಕೇಸರಿ ಅಂಚು ಕೂತಿರುತ್ತದೆ. ಟ್ಯೂಲಿಪ್ ಕೆಂಪಿಗೆ ಸರಿಜೋಡಿ ಇಳಕಲ್ ಸೆರಗೊಂದೇ ಎಂಬುದು ಆಕೆಯ ಖಚಿತ ಅಭಿಪ್ರಾಯ.

ಆ ಉದ್ಯಾನದ ಕಥೆಯನ್ನು ನಾವು ತಿಳಿದದ್ದು ತಡವಾಗಿ. ಹಳೆಯ ಕಲ್ಲುಗಣಿಗಳ ಜಾಗದಲ್ಲಿ 1939ರಲ್ಲಿ ನಾಜಿ ಸರಕಾರ ದೊಡ್ಡ ಹೂವಿನ ಪ್ರದರ್ಶನಕ್ಕೆಂದು ಅದನ್ನು ಮಾಡಿಸಿತು. ಎರಡು ವರ್ಷ ಕಳೆದು, ಅದೇ ಪ್ರದರ್ಶನದ ಸಭಾಂಗಣಕ್ಕೆ ವ್ಯೂರ್ಟೆಂಬೆರ್ಗಿನ ಊರೂರಿನ ಯಹೂದಿಗಳನ್ನು ತಂದು ಕೂಡಿಹಾಕಿದರು. 1941ರ ಡಿಸೆಂಬರ್ 1ರಂದು ಸುಮಾರು 1000 ಜನರನ್ನು ಉತ್ತರ ನಿಲ್ದಾಣದಿಂದ ರೈಲಿನಲ್ಲಿ ರೀಗಾಕ್ಕೆ ಸಾಗಿಸಿದರು. ಹೊಸ ಊರಿನಲ್ಲಿ ನೆಲೆಸಲು ಹೋಗುತ್ತಿದ್ದೀರಿ ಎಂದು ನಂಬಿಸಿ, ಹೊದಿಕೆ ಹಾಸಿಗೆಗಳನ್ನೂ ತರಹೇಳಿದ್ದರು. 1942ರ ಮಾರ್ಚ್ 26ರಂದು ಅವರಲ್ಲಿ ಹಲವರನ್ನು ರೀಗಾ ಬಳಿಯ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಬದುಕಿ ಬಂದವರು ಬೆರಳೆಣಿಕೆಯಷ್ಟು. 1962ರಲ್ಲಿ ಉದ್ಯಾನದಲ್ಲಿ ನೆನಪಿನ ಕಲ್ಲು ನಿಲ್ಲಿಸಿದ್ದಾರೆ. ವರ್ಷಗಟ್ಟಲೆ ನಾವು ಅದರ ಮಗ್ಗುಲಲ್ಲೇ ಹೂ ನೋಡುತ್ತ ನಡೆದಿದ್ದೆವು.

ಇದನ್ನು ಓದಿ ಹೇಳಿದ ದಿನ ಮನೆಯಾಕೆ ಕೇಳಿದ್ದು ಒಂದೇ: "ಅವರ ಹೊದಿಕೆ ಏನಾದವ್ರೀ?" ನಮಗೆ ಉತ್ತರ ಬರಲಿಲ್ಲ. ಆ ವಸಂತದಲ್ಲಿ ಕೆಲವು ದಿನ ಆಕೆ ಗುಡ್ಡ ಹತ್ತಲಿಲ್ಲ. ಆಮೇಲೆ ಹೋದಳು. ಈಗಲೂ ಹೋಗುತ್ತಾಳೆ, ಕಲ್ಲಿನ ಬಳಿ ಒಂದು ಗಳಿಗೆ ನಿಂತು ಮುಂದೆ ನಡೆಯುತ್ತಾಳೆ.

ಅದೇ ವರ್ಷ ಊರಿನಿಂದ ಅತ್ತೆಯವರು ತೀರಿಕೊಂಡ ಸುದ್ದಿ ಬಂತು. ಅವರ ಕಡೆಯ ಇಳಕಲ್ ಸೀರೆ ನಮ್ಮ ಪಾಲಿಗೆ ಬಂತು. ಕತ್ತರಿಸುವುದೋ ಬಿಡುವುದೋ ಎಂದು ಎರಡು ಚಳಿಗಾಲ ಅದು ಕಪಾಟಿನಲ್ಲೇ ಇತ್ತು. ಕತ್ತರಿಸದಿದ್ದರೆ ನುಸಿಗೆ ಹೋಗುತ್ತದೆ, ಕತ್ತರಿಸಿದರೆ ಅವ್ವ ಹೋಗುತ್ತಾಳೆ ಎಂಬುದು ಆಕೆಯ ಸಂಕಟ. ಕಡೆಗೆ ಒಂದು ಬೆಳಗ್ಗೆ ನಮ್ಮನ್ನು ಕೇಳದೆ ಕತ್ತರಿ ಹಾಕಿದಳು. ಕೆಳಮನೆಯ ಜರ್ಮನ್ ಅಜ್ಜಿ ಹಾಗೇ ಮಾತಿಗೆಂದು ಬಂದವರು ನೆಲದಲ್ಲಿ ಹಾಸಿದ್ದನ್ನು ಕಂಡು, "ಚೆಂದದ ಟೆಪ್ಪಿಷ್" ಎಂದರು. ಪಾಠದಲ್ಲಿ ಕಲಿತ ಜರ್ಮನ್ನಿನಲ್ಲಿ ಆ ಮಾತಿಗೆ ರತ್ನಗಂಬಳಿ ಎಂದರ್ಥ. ಮನೆಯಾಕೆಯ ಮುಖ ಬಾಡಿತು. ಇಲ್ಲಿಯ ಶ್ವಾಬಿಯನ್ ಜನರ ಆಡುಮಾತಿನಲ್ಲಿ ಹೊದೆಯುವ ಕಂಬಳಿಗೂ ಟೆಪ್ಪಿಷ್ ಎನ್ನುತ್ತಾರೆಂದು ಸಂಜೆ ಗೊತ್ತಾಯಿತು. ಹಾಸುವುದಕ್ಕೂ ಹೊದೆಯುವುದಕ್ಕೂ ಒಂದೇ ಮಾತು, ನಮ್ಮ ಕಂಬಳಿಯ ಹಾಗೆಯೇ. ಮರುದಿನ ಅಜ್ಜಿ ತಮ್ಮ ತಾಯಿಯ ಕಾಲದ ಹೂವಿನ ಪರದೆಯೊಂದನ್ನು ತಂದುಕೊಟ್ಟರು. ಆ ಕೌದಿಯ ನಾಲ್ಕು ಮೂಲೆಯ ಹೂವು ಅದರದ್ದೇ. ಯುಗಾದಿಯಂದು ಮಕ್ಕಳು ಕೂತದ್ದು ಅದರ ಮೇಲೆ.

ಹಳೆಯ ಸೀರೆ, ಪಂಚೆ, ಮಕ್ಕಳ ಅಂಗಿ ಇದ್ದವರು ಮುಂದಿನ ಕೂಟಕ್ಕೆ ಬರುವಾಗ ಒಗೆದು ತನ್ನಿರಿ. ಕಲಿಯುವ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಬರಲಿ, ಸೂಜಿ ದಾರ ನಮ್ಮಲ್ಲಿವೆ. ಹತ್ತಿಯದಷ್ಟೇ ಸಾಕು. ಪಾಲಿಯೆಸ್ಟರ್‌ನಲ್ಲಿ ಸೂಜಿ ಜಾರುತ್ತದೆ ಎಂದು ಬರೆಯಲು ಮನೆಯಾಕೆ ಎರಡು ಸಲ ಹೇಳಿದ್ದಾಳೆ.