ಯೆಜ್ಡಿಯ ಹೊಟ್ಟೆಯೊಳಗಿನ ಚರಿತ್ರೆ

ಹತ್ತು ವರ್ಷ ಗೋಣಿತಾಟಿನ ಕೆಳಗೆ ಮಲಗಿದ್ದ ಅಪ್ಪನ ಯೆಜ್ಡಿ ಮೊನ್ನೆ ಹೇಗೋ ಸ್ಟಾರ್ಟ್ ಆಯ್ತು. ಜೊತೆಗೆ ಎಂಜಿನ್ ಒಳಗಿಂದ ಕಟಕಟ ಸದ್ದು. ಒಬ್ಬ ಮೆಕ್ಯಾನಿಕ್ ಗಾಡಿ ಮುಟ್ಟೋ ಮೊದಲೇ "ಕ್ರ್ಯಾಂಕ್ ಹೋಗಿದೆ, ಎಂಜಿನ್ ಪೂರ್ತಿ ಇಳಿಸ್ಬೇಕು" ಅಂದುಬಿಟ್ಟ. ಅಪ್ಪ "ಮಾರಿಬಿಡು" ಅಂದ್ರು.

ಮಾರೋ ಮುಂಚೆ ಸ್ವಲ್ಪ ಚರಿತ್ರೆ ನೋಡೋಣ ಅನ್ನಿಸ್ತು. ಯಾನೆಚೆಕ್ ಅನ್ನೋ ಚೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವ್ಯವಹಾರ ಕೊಂಡ. ಎರಡು ಹೆಸರಿನ ತಲೆ ಸೇರಿ ಜಾವಾ ಆಯ್ತು. 1961ರಲ್ಲಿ ಅದು ಮೈಸೂರಿಗೆ ಬಂತು, ಐಡಿಯಲ್ ಜಾವಾ ಕಾರ್ಖಾನೆಗೆ. 70ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಕಾರ್ಖಾನೆ ನಿಂತಿತು. ನಾನು ಹುಟ್ಟಿದ್ದು ಅದಾದ ಮೇಲೆ.

ಇದು ಟೂ ಸ್ಟ್ರೋಕ್. ಬುಲೆಟ್‌ನವರು ಕಟಕಟ ಕೇಳಿದ್ರೆ ಮೊದಲು ಟ್ಯಾಪೆಟ್ ನೋಡ್ತಾರೆ. ಇದರಲ್ಲಿ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಪಿಸ್ಟನ್‌ಗೆ ಜಿಡ್ಡು ಸಿಗೋದು ಪೆಟ್ರೋಲಿಗೆ ನಾವು ಬೆರೆಸಿದ ಆಯಿಲ್‌ನಿಂದ ಮಾತ್ರ. ಅಂದ್ರೆ ಯಾರೋ ಒಬ್ಬರು ಒಂದು ಸಲ ಆಯಿಲ್ ಮರೆತರೂ ಸಿಲಿಂಡರ್ ಗೋಡೆ ಅದನ್ನ ಬರೆದಿಟ್ಟುಕೊಳ್ಳುತ್ತೆ. ನಮ್ಮ ಭಾಷೇಲಿ ಲಾಗ್ ಫೈಲ್ :-)

ಪಕ್ಕದ ಬೀದಿಯಲ್ಲಿ ಯೆಜ್ಡಿ ಕಾಲದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಉದ್ದನೆ ಸ್ಕ್ರೂಡ್ರೈವರ್ ತುದಿ ಬ್ಲಾಕಿಗೆ, ಹಿಡಿ ಕಿವಿಗೆ ಇಟ್ಟು ಕೂತರು. "ನೋಡಪ್ಪಾ, ಎಂಜಿನ್ ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದ ಮೇಲೆ ಕಮ್ಮಿ. ಇದು ಪಿಸ್ಟನ್ ಬಡಿಯೋದು. ಬಿಗ್ ಎಂಡ್ ಹೋಗಿದ್ರೆ ಏರು ಹತ್ತುವಾಗ ಢಣಢಣ ಅನ್ನುತ್ತೆ, ಬಿಸಿಯಾದ್ರೂ ಬಿಡಲ್ಲ." ಪಿಸ್ಟನ್ ಬಿಸಿಯಾದಂತೆ ಹಿಗ್ಗಿ ಸಂದು ಮುಚ್ಚುತ್ತೆ, ಅದಕ್ಕೇ ಸದ್ದು ಇಳಿಯೋದು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಇದು ಹೊಳೆದಿರಲಿಲ್ಲ ನೋಡಿ.

ಬ್ಲಾಕ್ ಬಿಚ್ಚಿ ಕನೆಕ್ಟಿಂಗ್ ರಾಡನ್ನ ಮೇಲೆ ಕೆಳಗೆ ಎಳೆದು ನೋಡಿದರು, ಕದಲಲಿಲ್ಲ. ಪಕ್ಕಕ್ಕೆ ಮಾತ್ರ ಚೂರು ಅಲುಗಾಡಿತು. ಅಷ್ಟು ಇರಲೇಬೇಕಂತೆ. ಕ್ರ್ಯಾಂಕ್ ಚೆನ್ನಾಗಿತ್ತು! ಪಿಸ್ಟನ್ ತಲೆಯ ಕರಿ ಕೆರೆದಾಗ 75 ಅಂತ ಅಚ್ಚು ಕಾಣಿಸ್ತು. ಹೊಸದರಲ್ಲಿ ಬೋರ್ 65 ಮಿಲಿಮೀಟರ್, ಇದು 0.75 ಓವರ್‌ಸೈಜ್. ಸಲಕ್ಕೆ ಕಾಲು ಮಿಲಿಮೀಟರ್ ಅಂದ್ರೆ ಮೂರು ರೀಬೋರ್.

"ಮೂರಾ? ನಾನು ಮಾಡಿಸಿದ್ದು ಎರಡೇ" ಅಂದ್ರು ಅಪ್ಪ. ಆಮೇಲೆ ಸುಮ್ಮನೆ ಚಿಕ್ಕಪ್ಪನಿಗೆ ಫೋನ್ ಹಚ್ಚಿದರು. ಮದುವೆಗೆ ಮುಂಚೆ ಗಾಡಿ ತಗೊಂಡು ಮಡಿಕೇರಿಗೆ ಹೋಗಿದ್ದ ಚಿಕ್ಕಪ್ಪ ಕುಶಾಲನಗರ ದಾಟಿದ ಮೇಲೆ ಏರಿನಲ್ಲಿ ಪಿಸ್ಟನ್ ಸೀಜ್ ಮಾಡಿಕೊಂಡಿದ್ದರಂತೆ. ಬಂಕಿನಲ್ಲಿ ಆಯಿಲ್ ಹಾಕಿಸೋದೇ ಮರೆತಿದ್ದರು. ಯಾರಿಗೂ ಗೊತ್ತಾಗದ ಹಾಗೆ ರೀಬೋರ್ ಮಾಡಿಸಿ ತಂದು ನಿಲ್ಲಿಸಿದ್ದರು.

ಅಪ್ಪ ಅರ್ಧ ಗಂಟೆ ಬೈದರು, ಮಧ್ಯೆ ಮಧ್ಯೆ ನಗ್ತಾ ಇದ್ದರು. ಫೋನ್ ಇಟ್ಟ ಮೇಲೆ "1.00 ಸೈಜ್ ಪಿಸ್ಟನ್ ಎಲ್ಲಿ ಸಿಗುತ್ತೆ ನೋಡು" ಅಂದ್ರು.