ಕೆರೆಮನೆ ಮೇಳ ಮತ್ತು ನೆಬ್ಬೂರರ ಪದ

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಆ ಮಂಡಳಿಯ ಮಾತು ಬಂದರೆ ಎಲ್ಲರೂ ವೇಷಗಳಿಂದಲೇ ಶುರು ಮಾಡುತ್ತಾರೆ. ಶಿವರಾಮ ಹೆಗಡೆಯವರ ಕೌರವ, ಶಂಭು ಹೆಗಡೆಯವರ ಹರಿಶ್ಚಂದ್ರ, ಮಹಾಬಲ ಹೆಗಡೆಯವರ ಗತ್ತು. ಸರಿಯೇ. ಆದರೆ ಆ ವೇಷಗಳನ್ನೆಲ್ಲ ಕುಣಿಸಿದ ಪದ ಬಹುಕಾಲ ನಮ್ಮ ಶಿರಸಿ ಸೀಮೆಯದು. ಅದು ನೆಬ್ಬೂರು ನಾರಾಯಣ ಭಾಗವತರದು.

1936ರಲ್ಲಿ ಹುಟ್ಟಿದ ಅವರು ಶಿವರಾಮ ಹೆಗಡೆಯವರ ಗರಡಿಯಲ್ಲಿ ಪಳಗಿದರು. ಶಿವರಾಮ, ಶಂಭು, ಶಿವಾನಂದ ಹೀಗೆ ಒಂದೇ ಮನೆಯ ಮೂರು ತಲೆಮಾರಿನ ವೇಷಗಳಿಗೆ ಪದ ಹೇಳಿದರು. ಮೇಳದಿಂದ ಮೇಳಕ್ಕೆ ಕಲಾವಿದರು ತಿರುಗಾಡುವುದು ಸಾಮಾನ್ಯವಾಗಿದ್ದ ರಂಗದಲ್ಲಿ ಇದು ಅಪರೂಪದ ನಿಷ್ಠೆ.

ಅವರ ಹಾಡಿಕೆಯಲ್ಲಿ ಏನಿತ್ತು? ಏರುಶ್ರುತಿಯ ಅಬ್ಬರವಿರಲಿಲ್ಲ. ಆಲಾಪನೆಯನ್ನು ಎಳೆದೆಳೆದು ಚಪ್ಪಾಳೆ ಗಿಟ್ಟಿಸುವ ಆಸೆಯೂ ಇರಲಿಲ್ಲ. ಸಾಹಿತ್ಯದ ಒಂದೊಂದು ಅಕ್ಷರವೂ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವರಿಗೆ ಮುಟ್ಟುತ್ತಿತ್ತು. ನಮ್ಮ ಕಡೆಯ ಬಡಾಬಡಗು ತಿಟ್ಟಿನ ಆಟದಲ್ಲಿ ಅಭಿನಯಕ್ಕೆ ದೊಡ್ಡ ಪಾಲು. ಪದದ ನಡುವೆ ವೇಷಧಾರಿ ನೋಡಬೇಕು, ನಿಲ್ಲಬೇಕು, ಒಂದು ಹೆಜ್ಜೆ ಹಿಂದೆ ಸರಿಯಬೇಕು. ಅದಕ್ಕೆ ಬೇಕಾದಷ್ಟು ತೆರಪು ಬಿಟ್ಟು, ಸಾಲನ್ನು ಮರಳಿ ಎತ್ತಿ, ಬೇರೆ ಭಾವದಲ್ಲಿ ಇಳಿಸುವುದು ಭಾಗವತನ ಕೆಲಸ. ಶಂಭು ಹೆಗಡೆಯವರಂಥ ಸೂಕ್ಷ್ಮ ನಟನಿಗೆ ನೆಬ್ಬೂರರು ಕೊಟ್ಟದ್ದು ಇದನ್ನೇ. ಭಾಗವತನನ್ನು ಮೊದಲನೆಯ ವೇಷಧಾರಿ ಎನ್ನುವುದುಂಟು. ನೆಬ್ಬೂರರು ಆ ಹಿರಿತನವನ್ನು ಮೆರೆಸದೆ ನಡೆಸಿದರು. ಕೆರೆಮನೆಯ ಅಭಿನಯದ ಹೆಸರಿನಲ್ಲಿ ಅರ್ಧ ಪಾಲು ಈ ಸಂಯಮದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಿಲ್ಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದ ಶಂಭು ಹೆಗಡೆಯವರು ಮಂಡಳಿಗೆ ಹೊಸ ಜೀವ ಕೊಟ್ಟರು, ಡೇರೆ ಮೇಳವನ್ನೂ ನಡೆಸಿದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ರಂಗಶಿಕ್ಷಣ ಕೇಂದ್ರ ತೆರೆಯಿತು. ಹಿಮ್ಮೇಳವಾಗಲಿ ಮುಮ್ಮೇಳವಾಗಲಿ, ಮೇಳದ ಹಿಂದೆ ಅಲೆದೇ ಕಲಿಯಬೇಕಿದ್ದ ಮಕ್ಕಳಿಗೆ ಅಲ್ಲಿ ಕ್ರಮದ ಪಾಠ ಸಿಕ್ಕಿತು. ಬಯಲಾಟದ ಕಲೆಗೂ ಶಾಲೆ ಬೇಕು ಎಂದು ಹಟ ಹಿಡಿದು ಮಾಡಿ ತೋರಿಸಿದ್ದು ಮಂಡಳಿಯ ದೊಡ್ಡ ಸಾಧನೆ.

2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲಿ ವೇಷ ಮಾಡಿದ ಬೆನ್ನಿಗೇ ಶಂಭು ಹೆಗಡೆಯವರು ತೀರಿಕೊಂಡರು. ಶಿವಾನಂದ ಹೆಗಡೆಯವರು ಮಂಡಳಿಯ ಹೊಣೆ ಹೊತ್ತರು. 2019ರ ಮೇ 11ರಂದು ನೆಬ್ಬೂರರೂ ಹೋದರು.

ಭೈರುಂಬೆ, ಹುಳಗೋಳದ ಕಡೆ ಕೊನೆಕೊಯ್ಲು ಮುಗಿಸಿ ಆಟಕ್ಕೆ ಹೋಗುತ್ತಿದ್ದ ಹಿರಿಯರು ಇನ್ನೂ ಇದ್ದಾರೆ. ಕೆಲವರು ಟೇಪ್ ರೆಕಾರ್ಡರ್ ಹಿಡಿದೇ ಹೋಗುತ್ತಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವುದೇ ಮನೆಯ ಅಟ್ಟದಲ್ಲಿ ಅಂಥ ಕ್ಯಾಸೆಟ್ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಈ ಮಳೆಗಾಲಕ್ಕೆ ಬೂಸಲು ಹಿಡಿಯುವ ಮೊದಲೇ ಅದರ ಪ್ರತಿ ಮಾಡಿಸಿ ಮಂಡಳಿಗೆ ತಲುಪಿಸಿ. ಈಗ ಪದ ಕಲಿಯುತ್ತಿರುವ ಹುಡುಗರು ಅದನ್ನು ಕೇಳಬೇಕು.